ಬೇಡವಾದ ಇಂಜೆಕ್ಷನ್, ಬೇಕೆನಿಸುವ ಕಾರ್ಬೊರೇಟರ್

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆ ಬೈಕು ಡಾಂಬರು ರಸ್ತೆಗಷ್ಟೇ ಅಲ್ಲ. ಗೊಬ್ಬರದ ಚೀಲವನ್ನೋ ಮೇವಿನ ಹೊರೆಯನ್ನೋ ಹೇರಿಕೊಂಡು ಎರೆ ಹೊಲದ ಬದುವಿನ ಮೇಲೂ ಅದು ಓಡಬೇಕು. 2020ರ ಏಪ್ರಿಲ್ 1ಕ್ಕೆ ಬಿಎಸ್-6 ಹೊಗೆ ನಿಯಮ ಬಂದದ್ದೇ ತಡ, ಸ್ಪ್ಲೆಂಡರ್, ಟಿವಿಎಸ್ ಎಕ್ಸ್‌ಎಲ್‌ನಂಥ ಗಾಡಿಗಳಿಂದಲೂ ಕಾರ್ಬೊರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು. ಬ್ಯಾಟರಿ ಪೂರ್ತಿ ಇಳಿದರೆ ಪೆಟ್ರೋಲ್ ಪಂಪೇ ತಿರುಗುವುದಿಲ್ಲ. ಇಲಿ ಒಂದು ವೈರ್ ಕಡಿದರೆ ಗಾಡಿ ಹೊಲದಲ್ಲೇ ನಿಲ್ಲುತ್ತದೆ. "ಇದನ್ನ ತಗದು ಹಳೇ ಕಾರ್ಬೊರೇಟರ್ ಕೂಡ್ರಸಾಕ ಬರತೈತೇನ್ರಿ?" ಎಂದು ಮಿಸ್ತ್ರಿಯನ್ನು ಕೇಳುವವರ ಸಿಟ್ಟು ಅರ್ಥವಾಗುವಂಥದ್ದೇ.

ಕಾರ್ಬೊರೇಟರಿನಲ್ಲಿ ವಿದ್ಯುತ್ತಿಗೆ ಕೆಲಸವಿಲ್ಲ. ಎಂಜಿನ್ ಗಾಳಿ ಎಳೆದುಕೊಳ್ಳುವ ದಾರಿಯನ್ನು ಒಂದು ಕಡೆ ಕಿರಿದು ಮಾಡಿರುತ್ತಾರೆ. ಅಲ್ಲಿ ಗಾಳಿಯ ವೇಗ ಏರುತ್ತದೆ, ಒತ್ತಡ ಇಳಿಯುತ್ತದೆ. ಪಕ್ಕದ ಪುಟ್ಟ ಬಟ್ಟಲಿನಲ್ಲಿರುವ ಪೆಟ್ರೋಲ್ ಜೆಟ್ಟಿನ ಸಣ್ಣ ತೂತಿನ ಮೂಲಕ ತಾನಾಗಿ ಮೇಲೇರಿ, ತುಂತುರಾಗಿ ಗಾಳಿಯಲ್ಲಿ ಬೆರೆಯುತ್ತದೆ. ಪೆಟ್ರೋಲ್ ಸರಿಯಾಗಿ ಉರಿಯಲು ಒಂದು ಗ್ರಾಂಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಈ ಲೆಕ್ಕವನ್ನು ಕಾಯುವುದು ಆ ತೂತಿನ ಅಳತೆ. ಜೆಟ್ ಕಟ್ಟಿಕೊಂಡರೆ ಬಿಚ್ಚಿ, ಬಾಯಿಂದ ಊದಿ, ತಿರುಗಿ ಹಾಕಿದರಾಯಿತು.

ಇಂಜೆಕ್ಷನ್ ತೆಗೆದು ಇದನ್ನು ಕೂಡ್ರಿಸುವವರು ಅಮೆರಿಕದಲ್ಲಿದ್ದಾರೆ; ಅಲ್ಲಿ ಎಷ್ಟೋ ಪಿಕಪ್‌ಗಳು ಪೆಟ್ರೋಲಿನಲ್ಲೇ ಓಡುತ್ತವೆ. ಅಲ್ಲಿನ ಹವ್ಯಾಸಿಗಳು ಜನರಲ್ ಮೋಟಾರ್ಸ್‌ನ ವಿ-8 ಇಂಜೆಕ್ಷನ್ ಎಂಜಿನ್‌ಗಳಿಗೆ ಕಾರ್ಬೊರೇಟರ್ ಹಾಕಿ ಕಾಡುಮೇಡು ಸುತ್ತುತ್ತಾರೆ. ಕೆಲಸ ಅಂದುಕೊಂಡಷ್ಟು ಸಣ್ಣದಲ್ಲ. ಗಾಳಿ ಹಾಯುವ ಮ್ಯಾನಿಫೋಲ್ಡ್ ಬದಲಿಸಬೇಕು. ಇಂಜೆಕ್ಷನ್ನಿಗೆ ಬೇಕಾದ ಸುಮಾರು 4 ಬಾರ್ ಒತ್ತಡವನ್ನು ಅರ್ಧ ಬಾರ್‌ಗಿಂತ ಕೆಳಕ್ಕೆ ಇಳಿಸಬೇಕು, ಇಲ್ಲದಿದ್ದರೆ ಬಟ್ಟಲು ತುಂಬಿ ಹೊರಚೆಲ್ಲುತ್ತದೆ. ಇಂಜೆಕ್ಷನ್ ನಡೆಸುವ ಕಂಪ್ಯೂಟರ್ ಕಿತ್ತರೆ ಸ್ಪಾರ್ಕ್ ಪ್ಲಗ್ಗಿಗೆ ಕಿಡಿ ಯಾವಾಗ ಕೊಡಬೇಕೆಂದು ಹೇಳುವವರೇ ಇಲ್ಲ, ಅದಕ್ಕೊಂದು ಬೇರೆ ಎಲೆಕ್ಟ್ರಾನಿಕ್ ಪೆಟ್ಟಿಗೆ ಬೇಕು. ವೈರಿನ ಕಾಟ ತಪ್ಪಲೆಂದು ಹೊರಟವರು ಮತ್ತೆ ವೈರಿಗೇ ಬಂದು ನಿಂತಂತಾಯಿತು!

ಇಷ್ಟಾಗಿಯೂ, ಒರಟು ನೆಲದಲ್ಲಿ ಕಾರ್ಬೊರೇಟರ್ ಮೇಲೆಂಬ ಮಾತನ್ನು ನಾನು ಒಪ್ಪಲಾರೆ. ಬಟ್ಟಲಿನ ಪೆಟ್ರೋಲ್ ಮಟ್ಟವನ್ನು ಕಾಯುವುದು ತೇಲುವ ಫ್ಲೋಟ್. ಗಾಡಿ ಏರಿನಲ್ಲಿ ವಾಲಿದರೆ ಪೆಟ್ರೋಲ್ ಒಂದು ಮಗ್ಗುಲಿಗೆ ಸರಿಯುತ್ತದೆ. ಜೆಟ್ಟಿಗೆ ಪೆಟ್ರೋಲ್ ಸಿಗದೆ ಎಂಜಿನ್ ಆರುತ್ತದೆ, ಇಲ್ಲವೆ ಅತಿಯಾಗಿ ಓವರ್‌ಫ್ಲೋ ಆಗುತ್ತದೆ. ಇಂಜೆಕ್ಷನ್ ಹಾಗಲ್ಲ, ಬೆಳೆಗೆ ಎಣ್ಣೆ ಹೊಡೆಯುವ ಪಂಪಿನಂತೆ ಒತ್ತಡದಲ್ಲೇ ಸಿಂಪಡಿಸುವುದರಿಂದ ಗಾಡಿ ವಾಲಿದರೂ ಲೆಕ್ಕ ತಪ್ಪದು. ಬಿಸಿಲು 40 ಡಿಗ್ರಿ ದಾಟುವ ವಿಜಯಪುರದ ಬೇಸಿಗೆಯಲ್ಲಿ ಕಾರ್ಬೊರೇಟರ್ ಬಟ್ಟಲಿನ ಪೆಟ್ರೋಲ್ ಆವಿಯಾಗಿ ಎಂಜಿನ್ ಮೊಂಡು ಹಿಡಿಯುವುದೂ ಉಂಟು. ಇನ್ನು ಎಥೆನಾಲ್. ಭೀಮಾ ತೀರದ ಕಬ್ಬಿನಂಥದ್ದೇ ಬೆಳೆಯಿಂದ ಬರುವ ಇದು ಈಗ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಬೆರೆತಿದೆ. ಎಥೆನಾಲಿನೊಳಗೇ ಆಮ್ಲಜನಕ ಇರುವುದರಿಂದ ಇಂಧನ ಸ್ವಲ್ಪ ಹೆಚ್ಚು ಸುರಿಯಬೇಕು. ಆಕ್ಸಿಜನ್ ಸೆನ್ಸರ್ ಇರುವ ಇಂಜೆಕ್ಷನ್ ಗಾಡಿ ಇದನ್ನು ತಾನೇ ತಿದ್ದಿಕೊಳ್ಳುತ್ತದೆ, ಜೆಟ್ಟಿನ ತೂತು ಎಲ್ಲಿ ಹಿಗ್ಗೀತು? ಕಾನೂನೂ ಅಡ್ಡಬರುತ್ತದೆ: ಕಂಪನಿಯ ಮೂಲ ರಚನೆಗೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ.

ನಮ್ಮ ಲಾರಿ, ಟ್ರ್ಯಾಕ್ಟರುಗಳಿಗೆ ಬಂದರೆ ಪ್ರಶ್ನೆಯೇ ಬೇರೆ. ಡೀಸೆಲ್ ಎಂಜಿನ್ನಿಗೆ ಕಾರ್ಬೊರೇಟರ್ ಎಂದೂ ಇರಲಿಲ್ಲ, ಇರಲೂ ಆಗದು. ಅದು ಬರೀ ಗಾಳಿಯನ್ನು ಹದಿನಾರು–ಇಪ್ಪತ್ತು ಪಟ್ಟು ಅದುಮುತ್ತದೆ, ಗಾಳಿ 500 ಡಿಗ್ರಿ ಮೀರಿ ಕಾಯುತ್ತದೆ. ಆ ಗಳಿಗೆಗೆ ಸರಿಯಾಗಿ ಚಿಮ್ಮಿದ ಡೀಸೆಲ್ ಕಿಡಿಯಿಲ್ಲದೆ ಹೊತ್ತುತ್ತದೆ. ಮೊದಲೇ ಬೆರೆಸಿ ಕಳಿಸಿದರೆ ಪಿಸ್ಟನ್ ಮೇಲೇರುವ ಮುಂಚೆಯೇ ಬೇಕಾಬಿಟ್ಟಿ ಹೊತ್ತಿ ಎಂಜಿನ್ ಒಡೆಯುತ್ತದೆ.

ಹಳೆಯ ಲಾರಿಯವರು ಹಂಬಲಿಸುವುದು ಮೈಕೊದ ಮೆಕ್ಯಾನಿಕಲ್ ಡೀಸೆಲ್ ಪಂಪಿಗೆ. 1927ರಲ್ಲಿ ಜರ್ಮನಿಯ ಬಾಷ್ ತಯಾರಿಸತೊಡಗಿದ ಈ ಬಗೆಯ ಪಂಪು, 1951ರಲ್ಲಿ ಹುಟ್ಟಿದ ಮೈಕೊ ಕಂಪನಿಯ ಬೆಂಗಳೂರಿನ ಆಡುಗೋಡಿ ಕಾರ್ಖಾನೆಯಿಂದ ದೇಶದ ಎಷ್ಟೋ ಲಾರಿಗಳಿಗೆ ಹೋಯಿತು. ಡೀಸೆಲ್ ಖಾಲಿಯಾಗಿ ಏರ್ ಹಿಡಿದರೆ ಡ್ರೈವರನೇ ಇಳಿದು, ಸ್ಪ್ಯಾನರಿನಿಂದ ಬ್ಲೀಡ್ ಸ್ಕ್ರೂ ಸಡಿಲಿಸಿ, ಹ್ಯಾಂಡ್ ಪಂಪ್ ಒತ್ತುತ್ತ ನಿಲ್ಲುತ್ತಾನೆ. ಗುಳ್ಳೆ ಮುಗಿದು ಬರೀ ಡೀಸೆಲ್ ಬಂದೊಡನೆ ಸ್ಕ್ರೂ ಬಿಗಿದು ಸ್ಟಾರ್ಟ್ ಮಾಡುತ್ತಾನೆ. ಆ ಪಂಪಿನಿಂದ ಬಂದ ಡೀಸೆಲನ್ನು ಎಂಜಿನ್ನಿನೊಳಗೆ ಚಿಮ್ಮಿಸುವ ನೋಝಲ್ ತೆರೆಯಲು ಸುಮಾರು 200 ಬಾರ್ ಸಾಕು. ಇಂದಿನ ಕಾಮನ್ ರೇಲ್‌ನಲ್ಲಿ, ಅಂದರೆ ಎಲ್ಲ ನೋಝಲ್‌ಗಳಿಗೂ ಒಂದೇ ಕೊಳವೆಯಿಂದ ಡೀಸೆಲ್ ಹೋಗುವ ಎಲೆಕ್ಟ್ರಾನಿಕ್ ಇಂಜೆಕ್ಷನ್ನಿನಲ್ಲಿ, ಒತ್ತಡ 1500 ಬಾರ್ ದಾಟುತ್ತದೆ. ಅದರ ನೋಝಲ್ ತೂತು ಕೂದಲಿನಷ್ಟು ಸಣ್ಣದು. ಡೀಸೆಲಿನಲ್ಲಿ ಎರೆ ಧೂಳೋ ನೀರೋ ಸೇರಿದರೆ ಮುಗಿಯಿತು. ಫಿಲ್ಟರ್ ಬದಲಿಸಲು, ಅದರಡಿಯ ನೀರು ಇಳಿಸಲು ಬೇಸರ ಮಾಡುವವರೇ ಇಂಜೆಕ್ಟರಿಗೆ ಹೆಚ್ಚು ದುಡ್ಡು ಸುರಿಯುತ್ತಾರೆ.

ಕಾಮನ್ ರೇಲ್ ಎಂಜಿನ್ನಿಗೆ ಹಳೆ ಪಂಪು ಕೂಡ್ರಿಸುವುದು ಗ್ಯಾರೇಜಿನ ಕೆಲಸವಲ್ಲ. ಗೇರು, ಟೈಮಿಂಗ್, ನೋಝಲ್, ಪಿಸ್ಟನ್ ತಲೆಯ ಗುಂಡಿ ಎಲ್ಲವೂ ಬೇರೆಯವು. ಆದರೆ ಟ್ರ್ಯಾಕ್ಟರ್ ಕೊಳ್ಳುವವರಿಗೆ ಇನ್ನೂ ಒಂದು ದಾರಿಯಿದೆ. 2023ರ ಜನವರಿಯಿಂದ ಬಿಗಿಯಾದ ಹೊಗೆ ನಿಯಮ 50 ಎಚ್‌ಪಿಗಿಂತ ಮೇಲಿನವಕ್ಕೆ ಜಾರಿಯಾಗಿದೆ. ಅದರ ಕೆಳಗಿನವು ಹೆಚ್ಚಾಗಿ ಮೆಕ್ಯಾನಿಕಲ್ ಪಂಪಿನಲ್ಲೇ ಸಿಗುತ್ತಿವೆ. ಗೆರೆಗೆ ಸ್ವಲ್ಪ ಕೆಳಗೆ, 49 ಚಿಲ್ಲರೆ ಎಚ್‌ಪಿಯ ಮಾದರಿಗಳೂ ಅಂಗಡಿಯಲ್ಲಿವೆ.