ಗಂಜಾಮಿನ ಪುಟ್ಟ ಮಂದೆ

ಶ್ರೀರಂಗಪಟ್ಟಣಕ್ಕೆ ಹೋದವರು ಶ್ರೀರಂಗನಾಥನ ಸನ್ನಿಧಿಯನ್ನೂ ದರಿಯಾ ದೌಲತ್ತನ್ನೂ ಗುಂಬಜನ್ನೂ ನೋಡಿ ಹಿಂದಿರುಗುವುದು ವಾಡಿಕೆ. ಅದೇ ದ್ವೀಪದ ಗಂಜಾಮಿನಲ್ಲಿರುವ ಕಥೋಲಿಕ ಕ್ರೈಸ್ತರ ಹಳೆಯ ದೇವಾಲಯದ ಬಾಗಿಲಿಗೆ ಹೋಗುವವರು ವಿರಳ. ಆ ಪುಟ್ಟ ಸಮಾಜದ ವೃತ್ತಾಂತವನ್ನು ಈ ದಿನ ಶ್ರೋತೃಗಳ ಮುಂದಿಡಬಯಸುತ್ತೇವೆ.

ಈ ಸೀಮೆಗೆ ಕ್ರೈಸ್ತಮತವು ಇಂಗ್ಲಿಷರೊಡನೆ ಬಂದಿತೆಂದು ಭಾವಿಸುವವರುಂಟು, ಅದು ಸರಿಯಲ್ಲ. 17ನೆಯ ಶತಮಾನದ ನಡುವಿನಲ್ಲಿಯೇ ಇಟಲಿಯ ಯೇಸುಸಭೆಯ ಪಾದ್ರಿ ಲಿಯೊನಾರ್ಡೊ ಚಿನ್ನಾಮಿಯವರು ಇಲ್ಲಿಗೆ ಬಂದು, ಕನ್ನಡವನ್ನು ಕಲಿತು ಬೋಧಿಸಿದ್ದರು. 1773ರಲ್ಲಿ ಪೋಪರು ಆ ಸಭೆಯನ್ನೇ ವಿಸರ್ಜಿಸಲು, ಅದು ನಡೆಸುತ್ತಿದ್ದ ಕಾರ್ಯಕ್ಕೆ ಆಧಾರ ತಪ್ಪಿತು.

ಅದಕ್ಕಿಂತಲೂ ದೊಡ್ಡ ವಿಪತ್ತು 1784ರದು. ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟೀಪೂ ಸುಲ್ತಾನನು ಕೆನರಾ ಜಿಲ್ಲೆಯ ಕಥೋಲಿಕರನ್ನು ಸೆರೆಹಿಡಿಸಿ, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ತರಿಸಿದನು. ಅವರು 30,000 ಮಂದಿಯೆಂದು ಕೆಲವರು, 60,000 ಎಂದು ಕೆಲವರು ಬರೆದಿರುವರು. ದಾರಿಯಲ್ಲಿಯೇ ಅಳಿದವರು ಬಹುಮಂದಿ. ಉಳಿದವರಲ್ಲಿ ಅನೇಕರಿಗೆ ಬಲಾತ್ಕಾರದ ಮತಾಂತರವಾಯಿತು.

1799ರಲ್ಲಿ ಕೋಟೆ ಬಿದ್ದ ತರುವಾಯ ಫ್ರಾನ್ಸ್ ದೇಶದ ಪಾದ್ರಿ ಅಬ್ಬೆ ದುಬಾಯ್ ಅವರು ಬಂದರು. ದೇಶೀಯರ ಉಡಿಗೆ, ದೇಶೀಯರ ಊಟ. ಜನರು ಅವರನ್ನು ದೊಡ್ಡಸ್ವಾಮಿಯವರೆಂದು ಕರೆದರು. ಹಿಂದೂಗಳ ಆಚಾರವ್ಯವಹಾರಗಳನ್ನು ಕುರಿತ ಅವರ ಗ್ರಂಥವನ್ನು ವಿದ್ಯಾವಂತರೆಲ್ಲರೂ ಬಲ್ಲರು. ಸಿಡುಬಿಗೆ ದೇವಿ ಹಾಕುವ ಪದ್ಧತಿಯನ್ನು ಮೈಸೂರಿನಲ್ಲಿ ಹರಡಿದವರಲ್ಲಿ ಅವರೂ ಒಬ್ಬರೆಂಬುದು ಅಷ್ಟಾಗಿ ತಿಳಿಯದು. ಇರಲಿ, ನಮ್ಮ ವಿಷಯ ಬೇರೆ.

ಸೆರೆಯಿಂದ ಬಿಡುಗಡೆಯಾದವರು ತಾವಾಗಿಯೇ ಅವರನ್ನು ಅರಸಿ ಬಂದರು. ತಾವು ಮತವನ್ನು ಬಿಟ್ಟುದು ಹೊರನೋಟಕ್ಕೆ ಮಾತ್ರ, ಮನಸ್ಸಿನಲ್ಲಿ ಬಿಟ್ಟಿರಲಿಲ್ಲವೆಂದು ಹೇಳಿಕೊಂಡರು. ಹೀಗೆ ತಮ್ಮ ಬಳಿಗೆ ಬಂದವರು ಸುಮಾರು 2,000 ಎಂದೂ, ಸುಮಾರು 20,000 ಮಂದಿ ಮಂಗಳೂರಿನ ಸೀಮೆಗೆ ಮರಳಿದರೆಂದೂ ದುಬಾಯ್ ಅವರೇ ಬರೆದಿರುವರು. ಆದರೆ ಇಷ್ಟು ಸಾವಿರ ಜನರಲ್ಲಿ ಒಬ್ಬನಾದರೂ ಪ್ರಾಣಕ್ಕೆ ಅಂಜದೆ ಸುಲ್ತಾನನ ಎದುರು ನಿಲ್ಲಲಿಲ್ಲವೆಂದು ಅವರು ನೊಂದುಕೊಂಡಿದ್ದಾರೆ. ಹೆಂಡಿರು ಮಕ್ಕಳೊಡನೆ ಸೆರೆಯಲ್ಲಿದ್ದವರನ್ನು, ಆ ಕಾಲದಲ್ಲಿ ಅಲ್ಲಿಲ್ಲದ ಸನ್ಯಾಸಿಯೊಬ್ಬರು ಹೀಗೆ ಅಳೆಯುವುದು ನಮಗೆ ನ್ಯಾಯವಾಗಿ ತೋರದು. ಹದಿನೈದು ವರ್ಷ ಪೂಜೆಯಿಲ್ಲದೆ, ಗುರುವಿಲ್ಲದೆ ಇದ್ದು, ಕರೆಯದೆಯೇ ಹಿಂದಿರುಗಿ ಬರುವುದು ಅಲ್ಪವಾದ ನಿಷ್ಠೆಯೇ?

1823ರಲ್ಲಿ ದುಬಾಯ್ ಅವರು ಸ್ವದೇಶಕ್ಕೆ ತೆರಳಿದರು. ಹಿಂದೂದೇಶದಲ್ಲಿ ಕ್ರೈಸ್ತಮತವು ಬೆಳೆಯಲಾರದೆಂದು ಆ ವರ್ಷವೇ ಪ್ರಕಟವಾದ ತಮ್ಮ ಪತ್ರಗಳಲ್ಲಿ ವಾದಿಸಿದರು. 1848ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡರು. ಗಂಜಾಮಿನ ದೇವಾಲಯವನ್ನು ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ.