ಉಕ್ಕುವ ಮನಸ್ಸು, ಕುಸಿಯುವ ಮನಸ್ಸು



ಮನಸ್ಸಿನ ಕಾಯಿಲೆಯ ಕಥೆ ಕನ್ನಡದ ಓದುಗರಾದ ನಮಗೆ ಹೊಸದಲ್ಲ. ತ್ರಿವೇಣಿಯವರ 'ಶರಪಂಜರ' ಕಾದಂಬರಿಯನ್ನು ಓದದವರೂ ಪುಟ್ಟಣ್ಣ ಕಣಗಾಲರ ಚಿತ್ರದಲ್ಲಿ ಕಾವೇರಿಯನ್ನು ಕಂಡಿರುತ್ತಾರೆ. 'ಕೊರವಂಜಿ'ಯ ರಾಶಿ, ಅಂದರೆ ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ಹೀಗಿದ್ದೂ ದಿನನಿತ್ಯದ ಮಾತಿನಲ್ಲಿ ಮನಸ್ಸಿನ ತೊಂದರೆಗಳಿಗೆ ನಾವು ಬಳಸುವುದು ಎರಡೇ ಹೆಸರು: ಒಂದು 'ಟೆನ್ಷನ್', ಇನ್ನೊಂದು 'ಹುಚ್ಚು'. ಈ ಎರಡಕ್ಕೂ ದಕ್ಕದ ಒಂದು ಕಾಯಿಲೆಯ ಬಗ್ಗೆ ಈ ಬಾರಿ ಬರೆಯುತ್ತಿದ್ದೇವೆ. ಅದು ಬೈಪೋಲಾರ್, ಕನ್ನಡದಲ್ಲಿ ದ್ವಿಧ್ರುವ ಕಾಯಿಲೆ. ಹಿಂದೆ ಇದನ್ನು ಉನ್ಮಾದ-ಖಿನ್ನತೆ ಎನ್ನುತ್ತಿದ್ದರು.

ಬೆಳಿಗ್ಗೆ ನಗು, ಸಂಜೆ ಸಿಟ್ಟು ಇದ್ದರೆ ಅದು ಬೈಪೋಲಾರ್ ಅಲ್ಲ. ಇಲ್ಲಿ ಮನಸ್ಥಿತಿ ಬದಲಾದರೆ ದಿನಗಟ್ಟಲೆ, ವಾರಗಟ್ಟಲೆ ಹಾಗೆಯೇ ನಿಲ್ಲುತ್ತದೆ. ನಿದ್ದೆ, ಮಾತು, ಖರ್ಚು, ಕೆಲಸ ಎಲ್ಲವೂ ಅದರ ಜೊತೆಗೇ ಬದಲಾಗುತ್ತವೆ.

ಕುಸಿತದ ಸ್ಥಿತಿ ನಮಗೆ ಸ್ವಲ್ಪ ಪರಿಚಿತ. ಕನಿಷ್ಠ ಎರಡು ವಾರ ಮನಸ್ಸು ಮಂಕಾಗಿ, ಯಾವುದರಲ್ಲೂ ರುಚಿ ಇಲ್ಲದೆ, ದೇಹ ಭಾರವಾಗಿ, ತಾನು ಯಾರಿಗೂ ಬೇಡದವನೆಂಬ ಭಾವನೆ ಕಾಡಿದರೆ ಅದು ಖಿನ್ನತೆ. ಉಕ್ಕಿನ ಸ್ಥಿತಿ ಇದಕ್ಕೆ ವಿರುದ್ಧ. ಎರಡು ಮೂರು ಗಂಟೆ ಮಲಗಿದರೂ ಆಯಾಸವಿಲ್ಲ. ಮಾತು ನಿಲ್ಲುವುದಿಲ್ಲ, ಒಂದು ಯೋಚನೆ ಮುಗಿಯುವ ಮೊದಲೇ ಮತ್ತೊಂದು ಹುಟ್ಟುತ್ತದೆ. ಸಾಲ ಮಾಡಿ ಕೊಳ್ಳುವುದು, ಇದ್ದಕ್ಕಿದ್ದಂತೆ ರಾಜೀನಾಮೆ ಕೊಡುವುದು, ಅಡ್ಡಿ ಬಂದವರ ಮೇಲೆ ಸಿಡುಕುವುದು ನಡೆಯುತ್ತದೆ. ಇದು ಒಂದು ವಾರ ಮುಂದುವರಿದರೆ, ಅಥವಾ ಆಸ್ಪತ್ರೆಗೆ ಸೇರಿಸುವಷ್ಟು ತೀವ್ರವಾದರೆ, ವೈದ್ಯರು ಉನ್ಮಾದ ಎನ್ನುತ್ತಾರೆ. ನಾಲ್ಕು ದಿನವಾದರೂ ಇದ್ದು ಬದುಕನ್ನು ಅಷ್ಟಾಗಿ ಕೆಡಿಸದಿದ್ದರೆ ಅದು ಲಘು ಉನ್ಮಾದ. ಕೆಲವೊಮ್ಮೆ ಉಕ್ಕಿನ ಚಡಪಡಿಕೆ, ಕುಸಿತದ ನಿರಾಶೆ ಎರಡೂ ಕೂಡಿ ಬರುತ್ತವೆ. ಈ ಮಿಶ್ರ ಸ್ಥಿತಿ ಬಹಳ ಅಪಾಯಕಾರಿ. ಸಾಯುವ ಯೋಚನೆಯ ಜೊತೆಗೆ ಅದನ್ನು ಮಾಡಿಬಿಡುವ ಶಕ್ತಿಯೂ ಆಗ ಇರುತ್ತದೆ. ಈ ಏರಿಳಿತಗಳ ನಡುವೆ ತಿಂಗಳು, ವರ್ಷಗಳ ಕಾಲ ಮನುಷ್ಯ ಮಾಮೂಲಿನಂತೆಯೇ ಇರಬಲ್ಲ.

ಉಕ್ಕೂ ಕಾಯಿಲೆಯೇ ಎಂಬುದನ್ನು ಪರದೇಶದಲ್ಲಿರುವ ನಾವು ಮುಖ್ಯವಾಗಿ ತಿಳಿಯಬೇಕು. ಊರಿನವರಿಗೆ ಫೋನಿನಲ್ಲಿ ಕೇಳುವುದು ನಮ್ಮ ದನಿ ಮಾತ್ರ. ಕುಸಿದ ದನಿ ತಾಯಿಗೆ ತಕ್ಷಣ ತಿಳಿಯುತ್ತದೆ. ಉಕ್ಕಿದ ದನಿ ಕೇಳಿದರೆ 'ಮಗ ಕುವೈತಿನಲ್ಲಿ ಖುಷಿಯಾಗಿದ್ದಾನೆ' ಎಂದು ಅವಳು ಸಮಾಧಾನಪಡುತ್ತಾಳೆ. ರೋಗಿಗೂ ಆಗ ತನಗೆ ಕಾಯಿಲೆ ಎಂದು ಅನಿಸುವುದಿಲ್ಲ. ಅಬ್ಬಾಸಿಯಾದ ಅಥವಾ ಮಂಗಫ್‌ನ ಕೋಣೆಯಲ್ಲಿ ಜೊತೆಗಿರುವ ಗೆಳೆಯನಿಗೆ ಮಾತ್ರ ಮೂರು ರಾತ್ರಿ ದೀಪ ಆರದಿರುವುದು ಕಾಣುತ್ತದೆ. ಇಲ್ಲಿ ನೆಂಟರ ಕೆಲಸವನ್ನು ಸ್ನೇಹಿತರೇ ಮಾಡಬೇಕು. ಕೇಳಬೇಕಾದ ಪ್ರಶ್ನೆಯೂ ಸರಳ: 'ಈ ವಾರ ಎಷ್ಟು ಹೊತ್ತು ನಿದ್ದೆ ಮಾಡಿದೆ?'

ಕಾರಣವೇನು? ವಂಶವಾಹಿಯ ಪಾತ್ರ ದೊಡ್ಡದು. ಹಾಗೆಂದು ತಂದೆತಾಯಿಗೆ ಇದ್ದರೆ ಮಕ್ಕಳಿಗೆ ಬಂದೇ ಬರುತ್ತದೆ ಎಂದಲ್ಲ. ಇದು ಮನೋಬಲದ ಕೊರತೆಯಲ್ಲ, ಬೆಳೆಸಿದವರ ತಪ್ಪೂ ಅಲ್ಲ. ಆದರೆ ನಿದ್ದೆಗೆಟ್ಟರೆ ಕಾಯಿಲೆ ಕೆರಳುತ್ತದೆ. ರಾತ್ರಿ ಪಾಳಿ, ರಜೆಗೆ ಹೋಗುವ ರಾತ್ರಿಯ ವಿಮಾನ, ರಮದಾನಿನಲ್ಲಿ ಬದಲಾಗುವ ದಿನಚರಿ ಇವೆಲ್ಲವನ್ನೂ ರೋಗಿ ಮೊದಲೇ ವೈದ್ಯರೊಡನೆ ಚರ್ಚಿಸಬೇಕು. ಇನ್ನೊಂದು ಮಾತು: ಖಿನ್ನತೆಗೆಂದು ವೈದ್ಯರ ಬಳಿ ಹೋದವರು ಹಿಂದೆ ಎಂದಾದರೂ ಉಕ್ಕಿನ ದಿನಗಳು ಬಂದಿದ್ದರೆ ಅದನ್ನೂ ಹೇಳಬೇಕು. ಖಿನ್ನತೆಯ ಔಷಧವೊಂದನ್ನೇ ಕೊಟ್ಟರೆ ಕೆಲವರಲ್ಲಿ ಅದು ಉನ್ಮಾದವನ್ನು ಎಬ್ಬಿಸಬಹುದು.

ಚಿಕಿತ್ಸೆ ಇದೆ. 1949ರಲ್ಲಿ ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ ಲಿಥಿಯಂ ಎಂಬ ಲವಣ ಉನ್ಮಾದವನ್ನು ತಗ್ಗಿಸುತ್ತದೆಂದು ತೋರಿಸಿದರು. ಇಂದಿಗೂ ಅದು ಮುಖ್ಯ ಔಷಧಗಳಲ್ಲೊಂದು. ಅಮೆರಿಕದ ಮನಶ್ಶಾಸ್ತ್ರಜ್ಞೆ ಕೇ ರೆಡ್‌ಫೀಲ್ಡ್ ಜೇಮಿಸನ್ ಈ ಕಾಯಿಲೆಯನ್ನು ಅಧ್ಯಯನ ಮಾಡಿದವರು, ಸ್ವತಃ ಅನುಭವಿಸಿದವರೂ ಹೌದು. ಲಿಥಿಯಂ ತನ್ನ ಬದುಕನ್ನು ಉಳಿಸಿದ ಬಗೆಯನ್ನು 1995ರ ಆತ್ಮಕಥನದಲ್ಲಿ ಅವರು ಬರೆದಿದ್ದಾರೆ. 'ಹುಚ್ಚಿಲ್ಲದೆ ಕಾವ್ಯವಿಲ್ಲ' ಎನ್ನುವ ನಮ್ಮಂಥ ಸಾಹಿತ್ಯಪ್ರಿಯರು ಓದಬೇಕಾದ ಪುಸ್ತಕವದು.

ಆದರೆ ಲಿಥಿಯಂಗೂ ಕುವೈತಿನ ಬೇಸಿಗೆಗೂ ಅಷ್ಟಾಗಿ ಹೊಂದುವುದಿಲ್ಲ. 2016ರ ಜುಲೈ 21ರಂದು ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾದ ನಾಡಿದು. ಬೆವರು, ವಾಂತಿ, ಭೇದಿಯಿಂದ ದೇಹದ ನೀರು ಮತ್ತು ಉಪ್ಪು ಇಳಿದರೆ ಮೂತ್ರಪಿಂಡ ಲಿಥಿಯಂ ಅನ್ನು ಹೊರಹಾಕದೆ ಹಿಡಿದಿಡುತ್ತದೆ. ಗುಣ ಮಾಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಕಡಿಮೆ. ಆದ್ದರಿಂದ ನಿಯಮಿತ ರಕ್ತಪರೀಕ್ಷೆ ಬೇಕೇ ಬೇಕು. ನೀರು ಕುಡಿಯುತ್ತಿರಬೇಕು, ಉಪ್ಪನ್ನು ಏಕಾಏಕಿ ಬಿಡಬಾರದು. ಮೈಕೈ ನೋವಿಗೆ ಐಬುಪ್ರೊಫೇನ್ ತಾವಾಗಿಯೇ ನುಂಗಬಾರದು. ಉಪವಾಸಕ್ಕೆ ಮೊದಲು ವೈದ್ಯರನ್ನು ಕೇಳಬೇಕು. ಕೈ ಜೋರಾಗಿ ನಡುಗಿದರೆ, ನಡಿಗೆ ತೂರಾಡಿದರೆ, ಮಾತು ತೊದಲಿದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಹಾಗೆಂದು ಹೆದರಿ ಮಾತ್ರೆಯನ್ನು ತಟ್ಟನೆ ನಿಲ್ಲಿಸುವುದೂ ಅಪಾಯವೇ, ಕಾಯಿಲೆ ಮರುಕಳಿಸುತ್ತದೆ.

ಇಲ್ಲಿ ಸಬಾಹ್ ಆರೋಗ್ಯ ವಲಯದಲ್ಲಿ ಸರ್ಕಾರಿ ಮಾನಸಿಕ ಆರೋಗ್ಯ ಕೇಂದ್ರವಿದೆ. ತುರ್ತು ಕರೆಗೆ 112. ಬೆಂಗಳೂರಿನಲ್ಲಿ 1974ರಿಂದ ನಿಮ್ಹಾನ್ಸ್ ಇದೆ. ಊರಿನಲ್ಲಿರುವ ಮನೆಯವರು 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಊರಿಂದ ಮಾತ್ರೆ ತರುವವರು ವೈದ್ಯರ ಚೀಟಿಯನ್ನು ಜೊತೆಗೇ ಇಟ್ಟುಕೊಳ್ಳಲಿ.

ಕಾವೇರಿಗೆ ಯಾವ ಕಾಯಿಲೆ ಎಂದು ಹೆಸರಿಡುವುದು ನಮ್ಮ ಕೆಲಸವಲ್ಲ. ಅವಳಿಗದು ಬಾಣಂತನದಲ್ಲಿ ಬಂತು. ಬೈಪೋಲಾರ್ ಇರುವ ತಾಯಂದಿರಿಗೂ ಹೆರಿಗೆಯ ನಂತರದ ವಾರಗಳು ಹೆಚ್ಚು ಎಚ್ಚರಿಕೆಯವು. ಆಸ್ಪತ್ರೆ ಅವಳನ್ನು ಗುಣಪಡಿಸಿ ಕಳುಹಿಸಿತ್ತು. ಮನೆಯವರು, ನೆರೆಯವರು ಮಾತ್ರ ಅವಳನ್ನು ರೋಗಿಯಾಗಿಯೇ ಕಂಡರು. ಚಿಕಿತ್ಸೆ ಮುಗಿಸಿ ನಮ್ಮ ಬಳಗಕ್ಕೆ ಮರಳುವವರಿಗೆ ನಾವು ಮೊದಲು ಮಾಡಬಹುದಾದ ಸಹಾಯವೆಂದರೆ ಹಾಗೆ ಕಾಣದಿರುವುದು. ಮುಂದಿನ ಕಾರ್ಯಕ್ರಮದಲ್ಲಿ ಅವರಿಗೂ ಒಂದು ಕವನ ಓದಲು, ಕುರ್ಚಿ ಜೋಡಿಸಲು ಹೇಳೋಣ.