ಗೂಗಲ್‌ನಲ್ಲಿ ಬಿಸಿಲು, ನದಿಯಲ್ಲಿ ಪ್ರವಾಹ: ಈ ನೀರು ಎಲ್ಲಿಂದ ಬಂತು?

ಇವತ್ತಿನ ವಿಷಯ ಗೂಗಲ್. ನಿಮ್ಮ ಫೋನಿನಲ್ಲಿರೋ ಗೂಗಲ್ ಅಲ್ಲ, ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ ಗೂಗಲ್. ಕೃಷ್ಣಾ ದಂಡೆಯ ಊರು. ಅಲ್ಲಮಪ್ರಭು ಗುಡಿ ಇದೆ, ನದಿಗೆ ಅಡ್ಡಲಾಗಿ ಬ್ಯಾರೇಜ್ ಇದೆ.

ಈ ದಂಡೆಯ ಊರುಗಳಲ್ಲಿ ಎಷ್ಟೋ ಸಲ ಒಂದು ವಿಚಿತ್ರ ನಡೆಯುತ್ತೆ. ಮೇಲೆ ಬಿಸಿಲು, ಹೊಲ ಒಣಗಿದೆ, ಆದ್ರೆ ನದಿ ಮಾತ್ರ ತುಂಬಿ ಬರ್ತಿದೆ. ಹಾಗಾದ್ರೆ ಈ ನೀರು ಎಲ್ಲಿಯದು?

ಉತ್ತರಕ್ಕೆ ಮಹಾರಾಷ್ಟ್ರದ ಮಹಾಬಳೇಶ್ವರಕ್ಕೆ ಹೋಗಬೇಕು. ಅಲ್ಲಿ ಸಹ್ಯಾದ್ರಿಯ ಮೇಲೆ, ಸುಮಾರು 1,337 ಮೀಟರ್ ಎತ್ತರದಲ್ಲಿ ಕೃಷ್ಣಾ ಹುಟ್ಟುತ್ತೆ. ಅಲ್ಲಿ ಅದು ನದಿ ಅಲ್ಲ, ಬೆಟ್ಟದ ಒಂದು ಸಣ್ಣ ಹಳ್ಳ. ಅಲ್ಲಿಂದ ಅರಬ್ಬಿ ಸಮುದ್ರ ಬರೀ 64 ಕಿಲೋಮೀಟರ್. ಆದ್ರೂ ಆ ಹಳ್ಳ ಸಮುದ್ರಕ್ಕೆ ಬೆನ್ನು ತಿರುಗಿಸಿ ಪೂರ್ವಕ್ಕೆ ಹೊರಟು, ಸುಮಾರು 1,400 ಕಿಲೋಮೀಟರ್ ಹರಿದು ಬಂಗಾಳ ಕೊಲ್ಲಿ ಸೇರುತ್ತೆ.

ಯಾಕೆ ಹೀಗೆ? ಎರಡೂ ಕಡೆ ಇಳಿಜಾರಿರೋ ತಗಡಿನ ಶೆಡ್ ನೆನಪಿಸಿಕೊಳ್ಳಿ. ಮಳೆ ಒಂದೇ, ಆದ್ರೆ ನೆತ್ತಿಯ ಆಚೆ ಬಿದ್ದ ಹನಿ ಆಚೆ ಹೋಗುತ್ತೆ, ಈಚೆ ಬಿದ್ದದ್ದು ಈಚೆ. ಸಹ್ಯಾದ್ರಿಯೂ ಅಷ್ಟೇ. ಮಹಾಬಳೇಶ್ವರದ ಪಶ್ಚಿಮಕ್ಕೆ ಬಿದ್ದ ಮಳೆ ಸಾವಿತ್ರಿ ನದಿಯಾಗಿ ಅರಬ್ಬಿ ಸಮುದ್ರಕ್ಕೆ ಹೋಗುತ್ತೆ. ಪೂರ್ವಕ್ಕೆ ಬಿದ್ದದ್ದು ನಮ್ಮ ಕಡೆ ಬರುತ್ತೆ. ಹೀಗೆ ಒಂದೇ ನದಿಗೆ ನೀರು ಕೊಡೋ ಇಡೀ ಪ್ರದೇಶವೇ ಆ ನದಿಯ ಜಲಾನಯನ. ಕೃಷ್ಣಾದ್ದು ಸುಮಾರು 2.59 ಲಕ್ಷ ಚದರ ಕಿಲೋಮೀಟರ್.

ನಾನು ಕಾಮರ್ಸ್ ಓದಿದವನು, ಅದಕ್ಕೆ ಇದನ್ನ ಬ್ಯಾಂಕ್ ಖಾತೆ ಥರ ನೋಡ್ತೀನಿ. ದೊಡ್ಡ ಜಮೆ ಆಗೋದು ಬೆಟ್ಟದಲ್ಲಿ: ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿಲಿಮೀಟರ್ ಮೀರಿ ಮಳೆ. ರಾಯಚೂರಲ್ಲಿ 600ರ ಆಸುಪಾಸು. ದಾರಿಯಲ್ಲಿ ಇನ್ನೂ ಜಮೆ ಆಗ್ತಾ ಹೋಗುತ್ತೆ. ಸಾತಾರಾ ಹತ್ತಿರ ವೆಣ್ಣಾ, ಕರಾಡದಲ್ಲಿ ಕೊಯ್ನಾ, ಸಾಂಗ್ಲಿ ಹತ್ತಿರ ವಾರಣಾ, ನರಸೋಬಾವಾಡಿಯಲ್ಲಿ ಪಂಚಗಂಗಾ. ಕರ್ನಾಟಕಕ್ಕೆ ಬಂದ ಮೇಲೆ ದೂಧಗಂಗಾ, ಘಟಪ್ರಭಾ, ಕೂಡಲಸಂಗಮದಲ್ಲಿ ಮಲಪ್ರಭಾ.

"ನಡುವೆ ಆಲಮಟ್ಟಿ ಡ್ಯಾಂ ಇದೆಯಲ್ಲ, ಅದು ನೀರು ತಡೀಬೇಕಲ್ವಾ?" ಅಂತ ಕೇಳಬಹುದು. ಲೆಕ್ಕ ಹಾಕೋಣ. ಒಂದು ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಸುಮಾರು 28 ಲೀಟರ್, ಹತ್ತಿರ ಹತ್ತಿರ ಒಂದೂವರೆ ಕ್ಯಾನ್ ನೀರು. ಒಂದು ಲಕ್ಷ ಕ್ಯೂಸೆಕ್ ಇಡೀ ದಿನ ಹರಿದ್ರೆ 8.64 ಟಿಎಂಸಿ. ಐದು ಲಕ್ಷ ಹರಿದ್ರೆ ದಿನಕ್ಕೆ 43 ಟಿಎಂಸಿ. ಆಲಮಟ್ಟಿಯ ಸಾಮರ್ಥ್ಯ 123 ಟಿಎಂಸಿ. ಅಂದ್ರೆ ಪೂರ್ತಿ ಖಾಲಿ ಇದ್ದರೂ ಮೂರು ದಿನದೊಳಗೆ ಭರ್ತಿ! ಮೊದಲೇ ತುಂಬಿದ್ರೆ, ಬಂದಷ್ಟನ್ನೂ ಕೆಳಗೆ ಬಿಡಲೇಬೇಕು.

2019ರ ಆಗಸ್ಟ್‌ನಲ್ಲಿ ಆಗಿದ್ದು ಇದೇ. ನಾರಾಯಣಪುರದಿಂದ ಐದು ಲಕ್ಷ ಕ್ಯೂಸೆಕ್ ಮೀರಿ ನೀರು ಬಿಟ್ಟಾಗ ದೇವದುರ್ಗದ ಹೂವಿನಹೆಡಗಿ ಸೇತುವೆ, ಲಿಂಗಸುಗೂರಿನ ಶೀಲಹಳ್ಳಿ ಸೇತುವೆ ಎರಡೂ ಮುಳುಗಿದವು. ನಡುಗಡ್ಡೆಯ ಜನ ಅಲ್ಲೇ ಸಿಕ್ಕಿಬಿದ್ದರು.

ಹಾಗಾಗಿ ನಿಮ್ಮೂರಿನ ಹವಾಮಾನದ ಆ್ಯಪ್ "ಇಂದು ಮಳೆ ಇಲ್ಲ" ಅಂದ್ರೆ ನದಿ ಸುಮ್ಮನಿರುತ್ತೆ ಅಂತ ಅಲ್ಲ. ಮೂರು ವಿಷಯ ನೋಡ್ರಿ. ಒಂದು, ಮಹಾಬಳೇಶ್ವರ ಮತ್ತು ಕೊಯ್ನಾ ಭಾಗದ ಮಳೆ. ಎರಡು, ಆಲಮಟ್ಟಿಯ ಒಳಹರಿವು. ಮೂರು, ನಾರಾಯಣಪುರದ ಹೊರಹರಿವು. ಗೂಗಲ್‌ಗೆ ಮೂರನೆಯದೇ ಮುಖ್ಯ, ಯಾಕಂದ್ರೆ ಅಲ್ಲಿಂದ ಗೂಗಲ್‌ವರೆಗೆ ಈ ನೀರು ಹಿಡಿದಿಡೋ ದೊಡ್ಡ ಡ್ಯಾಂ ಇಲ್ಲ. ರಾಯಚೂರು ತಾಲ್ಲೂಕಿನ ದಂಡೆಯವರು ಭೀಮಾ ನದಿಯನ್ನೂ ಸೇರಿಸಿ ನೋಡಬೇಕು, ಅದು ಕೃಷ್ಣಾಕ್ಕೆ ಕೂಡೋದು ಗೂಗಲ್ ದಾಟಿದ ಮೇಲೆ.

ಬೆಟ್ಟದಲ್ಲಿ ಬಿದ್ದ ಮಳೆ ಇಲ್ಲಿಗೆ ಮುಟ್ಟೋಕೆ ದಿನಗಳೇ ಬೇಕು. ಆದ್ರೆ ಗೇಟ್ ತೆರೆದ ಮೇಲೆ ಉಳಿಯೋದು ಕೆಲವೇ ಗಂಟೆ. ದಂಡೆಯಲ್ಲಿರೋ ಪಂಪ್‌ಸೆಟ್ ಎತ್ತೋಕೆ, ದನಕರು ಮೇಲಕ್ಕೆ ಹೊಡೆಯೋಕೆ ಆ ದಿನಗಳನ್ನೇ ಬಳಸಿಕೊಳ್ಳಿ. ನದಿ ಹತ್ತಿರ ಹೊಲ ಇರೋ ಗೆಳೆಯರಿಗೆ ಈ ಎಪಿಸೋಡ್ ಕಳಿಸಿ. ಮತ್ತೆ ಸಿಗೋಣ.